ಚೊಂಬು ಹಿಡಿದವಳ ನಿದ್ದೆ

ಮೂರನೆಯ ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಹಿಟ್ಟಿನ ಸೌಟು ಎತ್ತಿದ್ದೆ. ಎರಡನೆಯ ತಟ್ಟೆಗೆ ಆಗಲೇ ಎರಡು ಸಲ ಹಿಟ್ಟು ಹೊಯ್ದುಬಿಟ್ಟಿದ್ದೆ. ಅದು ಅಂಚು ದಾಟಿ ಕೆಳಗಿನ ತಟ್ಟೆಗೆ ಇಳಿಯುತ್ತಿದ್ದುದನ್ನು ಬೇರೆ ಯಾರದೋ ಅಡುಗೆಮನೆ ಎಂಬಂತೆ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ನಸೀಮಾ ಕಾಣಿಸಿಕೊಂಡಳು. ಮೈದಾನದಿಂದ ಓಡಿಯೇ ಬಂದಿದ್ದಳು, ಒಂದು ಕಾಲಿನ ಬೂಟಿನ ದಾರ ಬಿಚ್ಚಿತ್ತು.

"ಇಂದಕ್ಕ, ಒಲೆ ಆರಿಸಿ ಬನ್ನಿ. ಚಂಪಾ ಮತ್ತೆ ಮಲಗಿಬಿಟ್ಟಳು. ಈ ಸಲ ಚೆಂಡು ಕೈಯಲ್ಲಿ ಹಿಡ್ಕೊಂಡೇ."

ಒಲೆ ಆರಿಸಲಿಲ್ಲ, ಉರಿ ಸಣ್ಣ ಮಾಡಿ ಹೊರಟೆ. ಬೆಳಗಿನ ಅಭ್ಯಾಸ ಮುಗಿಯುವ ಹದಿನೈದು ನಿಮಿಷ ಮೊದಲು ನಾನು ಮನೆಗೆ ಓಡಿ ಬರುವುದು, ಇಡ್ಲಿ ಇಡುವುದು, ನನ್ನ ಗಂಡ ಶ್ರೀಕಂಠ ಅಂಚೆ ಕಚೇರಿಗೆ ಹೊರಡುವ ಹೊತ್ತಿಗೆ ಡಬ್ಬಿ ಕಟ್ಟುವುದು ಹನ್ನೊಂದು ವರ್ಷದ ಪದ್ಧತಿ. ನಮ್ಮ ಹೆಂಗಸರ ಥ್ರೋಬಾಲ್ ತಂಡ ಶುರುವಾದದ್ದೂ ಹನ್ನೊಂದು ವರ್ಷದ ಹಿಂದೆಯೇ. ನಾನೇ ನಾಯಕಿ. ಹೊಳೆಯ ಆಚೆ ದಡದ ಊರಿನವರ ಎದುರು ಹನ್ನೊಂದು ವರ್ಷವೂ ಸೋತಿದ್ದೆವು. ಈ ವರ್ಷ ಮೊದಲ ಸಲ ಅವರಿಗೇ ನಮ್ಮ ಭಯ ಹತ್ತಿತ್ತು, ಏಕೆಂದರೆ ಚಂಪಾವತಿಯ ಕೈಗಳು ಈ ವರ್ಷ ಒಂದು ಚೆಂಡನ್ನೂ ನೆಲಕ್ಕೆ ಬಿಟ್ಟಿರಲಿಲ್ಲ. ಫೈನಲ್ ಭಾನುವಾರ. ಅಂದು ಗುರುವಾರ. ನಮ್ಮಲ್ಲಿದ್ದವರು ಸರಿಯಾಗಿ ಏಳೇ ಜನ. ಎಂಟನೆಯವಳು ಮಗಳ ಬಾಣಂತನಕ್ಕೆ ಹೋಗಿದ್ದಳು.

ಮೈದಾನದ ನಡುವೆ ಚಂಪಾ ಚೆಂಡನ್ನು ಮಗುವಿನಂತೆ ತಬ್ಬಿಕೊಂಡು ಮಂಡಿಯೂರಿ ಕುಳಿತಿದ್ದಳು. ಸಣ್ಣ ಗೊರಕೆ. ಸುತ್ತಲೂ ಐದು ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇತ್ತು, ಕೊನೆಗೆ ನಸೀಮಾ ಕೇಳಿಯೇಬಿಟ್ಟಳು: ಇವಳು ಯಾರನ್ನು ನೋಯಿಸಿದ್ದಾಳೆ?

ನಮ್ಮ ಊರಿನಲ್ಲಿ ಜಾಸ್ತಿ ನಿದ್ದೆ ಮಾಡುವುದು ಮಾನ ಹೋಗುವ ವಿಷಯ. ಒಬ್ಬರ ಮನಸ್ಸು ನೊಂದು ನಿದ್ದೆ ಬಿಟ್ಟುಹೋದರೆ ಅದು ನೋಯಿಸಿದವರ ಕಣ್ಣಿನ ಮೇಲೆ ಹೋಗಿ ಕೂರುತ್ತದೆ. ಆಯಾಸ ಮಾತ್ರ ನೊಂದವರಲ್ಲೇ ಉಳಿಯುತ್ತದೆ. ಆದ್ದರಿಂದ ನಾವು ಬೀದಿಯಲ್ಲಿ ಆಕಳಿಸುವುದಿಲ್ಲ. ಆಕಳಿಕೆ ಬಂದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತೇವೆ. ಗಂಡು ನೋಡಲು ಹೋದವರು ಹುಡುಗ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ ಎಂದು ಪಕ್ಕದ ಮನೆಯಲ್ಲಿ ವಿಚಾರಿಸುತ್ತಾರೆ. ತರಕಾರಿ ಮಾರುಕಟ್ಟೆಯನ್ನು ಊರಾಚೆ ಎತ್ತಿಸಿದ ಪುರಸಭೆಯ ಸದಸ್ಯರೊಬ್ಬರು ಆಮೇಲೆ ಎರಡು ವರ್ಷ ಎಚ್ಚರವಾಗಲೇ ಇಲ್ಲ. ಅವರನ್ನು ಮಂಚದ ಸಮೇತ ಸಭೆಗೆ ಹೊತ್ತು ತಂದು ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಹಸುಗೂಸುಗಳು ತಾಯಂದಿರ ನಿದ್ದೆಯನ್ನೇ ಮಲಗುತ್ತವೆ, ಅದನ್ನು ಮಾತ್ರ ಯಾರೂ ತಪ್ಪೆನ್ನುವುದಿಲ್ಲ.

ಶ್ರೀಕಂಠ ಇಪ್ಪತ್ತೆರಡು ವರ್ಷದಿಂದ ಐದೂವರೆಗೆ ಏಳುತ್ತಾರೆ. ಒಂದು ದಿನವೂ ಆರು ಮಾಡಿದವರಲ್ಲ. ಬೇರೆ ಊರಿನಲ್ಲಿ ಹೆಂಗಸರು ಬಳೆ ಸರ ತೋರಿಸಿ ಮೆರೆಯುತ್ತಾರಂತೆ. ನಾನು ಮೆರೆದದ್ದು ಇದನ್ನು ಹೇಳಿ.

ಚಂಪಾಳ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದೆವು. ಎದ್ದವಳು ಹೆದರಿಕೊಂಡಿದ್ದಳು. ಮೈ ದಣಿದಿಲ್ಲ, ಕಾಲು ನೋಯುವುದಿಲ್ಲ, ಆದರೂ ಯಾರೋ ಹಿಂದಿನಿಂದ ಬಂದು ಕಂಬಳಿ ಮುಚ್ಚಿದಂತೆ ಆಗುತ್ತದೆ ಎಂದಳು. ತಿಂಗಳಿಂದ ಹೀಗೆ, ಮೊದಮೊದಲು ಮಧ್ಯಾಹ್ನ ಮಾತ್ರ, ಈಗ ಎಲ್ಲೆಂದರಲ್ಲಿ. ಬಚ್ಚಿಟ್ಟುಕೊಂಡಿದ್ದಳಂತೆ. ಯಾರಿಗೂ ಏನೂ ಮಾಡಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದಳು. ನಾವಿಬ್ಬರೂ ಒಂದೇ ವರ್ಷ, ಒಂದೇ ಬೀದಿಗೆ ಮದುವೆಯಾಗಿ ಬಂದವರು. ಅವಳ ಮಾತನ್ನು ನಾನು ನಂಬಿದೆ. ಹಾಲು ಹೊರಡಿಸೋಣ ಎಂದು ಹೇಳಿದವಳೂ ನಾನೇ.

ಹಾಲು ಹೊರಡಿಸುವುದು ಅಂದರೆ ಇಷ್ಟೆ. ನಿದ್ದೆ ಹತ್ತಿದವರು ಬೆಚ್ಚಗಿನ ಹಾಲಿನ ಚೊಂಬಿನೊಂದಿಗೆ ಮನೆಮನೆಗೆ ಹೋಗಿ, ನಿಮ್ಮ ನಿದ್ದೆ ನನ್ನ ಹತ್ತಿರ ಇದೆಯಾ ಎಂದು ಕೇಳಬೇಕು. ಇದ್ದವರು ಒಂದು ಗುಟುಕು ಕುಡಿದು ಕಾರಣ ಹೇಳಬೇಕು. ಹೇಳಿದರೆ ಆಯಿತು, ನಿದ್ದೆ ಅವರಿಗೇ ಮರಳುತ್ತದೆ; ಕ್ಷಮೆ, ಕಾಲಿಗೆ ಬೀಳುವುದು ಒಂದೂ ಇಲ್ಲ. ಕೇಳುವವರು ಎಲ್ಲಿ ತೂಕಡಿಸಿ ಚೊಂಬು ಚೆಲ್ಲುತ್ತಾರೋ ಎಂದು ಅದನ್ನು ಹಿಡಿಯಲು ಜೊತೆಗೊಬ್ಬರು ಹೋಗುತ್ತಾರೆ. ಶನಿವಾರ ಬೆಳಿಗ್ಗೆ ಚೊಂಬು ಹಿಡಿದು ಹೊರಟವಳು ನಾನು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಒಂದು ಚೊಂಬು ಹಾಲೂ ನನಗೆ ಭಾರವೇ. ತಿಂಗಳಿಂದ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ತಲೆಯೊಳಗೆ ಯಾರೋ ದೀಪ ಹಚ್ಚಿಟ್ಟು ಹೋದಂತೆ. ಬೆಳಗಾದರೆ ಮೈಯೆಲ್ಲ ಒದ್ದೆ ಮರಳು ತುಂಬಿದ ಹಾಗೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ರುಚಿ ನೋಡುತ್ತಿದ್ದೆ. ಒಗ್ಗರಣೆಯ ಸಾಸಿವೆ ಸಿಡಿದರೆ ಅಳು ಬರುತ್ತಿತ್ತು. ಆದರೆ ಡಾಕ್ಟರಮ್ಮ ಇದು ನಲವತ್ತೇಳರ ಶಾಖ, ಮುಟ್ಟು ನಿಲ್ಲುವ ಕಾಲದಲ್ಲಿ ಹೀಗೇ ಎಂದಿದ್ದರು. ಮೈಯ ಕಾಯಿಲೆಯಿಂದ ಕೆಟ್ಟ ನಿದ್ದೆ ಯಾರ ಮೇಲೂ ಹೋಗುವುದಿಲ್ಲ. ಖರ್ಜೂರ ತಿಂದೆ, ರಾಗಿ ಅಂಬಲಿ ಕುಡಿದೆ, ದಿಂಬು ಬದಲಾಯಿಸಿದೆ. ಮನಸ್ಸಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಏನು ಕಡಿಮೆ ನನಗೆ, ಎಂಬ ಧೈರ್ಯ.

ಮೊದಲು ಟೈಲರ್ ರುದ್ರಪ್ಪನ ಅಂಗಡಿ. ರವಿಕೆಯ ಕಣದಲ್ಲಿ ಅರ್ಧ ಮೀಟರ್ ನುಂಗಿದ್ದೀರಿ ಎಂದು ಚಂಪಾ ಹೋದ ತಿಂಗಳು ಎಲ್ಲರೆದುರು ಅವನಿಗೆ ಹೇಳಿದ್ದಳು. ರುದ್ರಪ್ಪ ಹಾಲಿನ ಚೊಂಬನ್ನೂ ಅವಳನ್ನೂ ನೋಡಿ ಕನ್ನಡಕ ತೆಗೆದ.

"ಆ ಮಾತಿಗೆಲ್ಲ ನಿದ್ದೆ ಬಿಡೋದಾದ್ರೆ ಈ ಊರಲ್ಲಿ ಯಾವ ಟೈಲರೂ ಮಲಗೋ ಹಾಗಿಲ್ಲ ಕಣಮ್ಮ. ನಾಳೆ ಗೆದ್ದು ಬನ್ನಿ, ಏಳು ಜನಕ್ಕೂ ಟೀ ಶರ್ಟು ಹೊಲ್ಕೊಡ್ತೀನಿ. ಬಟ್ಟೆ ಮಾತ್ರ ಅಳೆದು ತನ್ನಿ."

ಅಲ್ಲಿಂದ ಮೂಲೆಮನೆಯ ವಿಶಾಲಾಕ್ಷಮ್ಮ. ಆಕೆ ಚೊಂಬು ಕಂಡದ್ದೇ ಕಣ್ಣೊರೆಸಿಕೊಂಡು ಎರಡು ಗುಟುಕು ಕುಡಿದು, ಎಂಟು ವರ್ಷದ ಹಿಂದೆ ಸೀಮಂತಕ್ಕೆ ಕರೆಯುವಾಗ ಚಂಪಾ ತನಗೆ ಅಕ್ಷತೆ ಕೊಡಲು ಮರೆತದ್ದನ್ನು ವಿಸ್ತಾರವಾಗಿ ಹೇಳಿದರು. ಅವರು ಹೇಳುತ್ತಿರುವಾಗಲೇ ಚಂಪಾ ಬಾಗಿಲಿಗೆ ಒರಗಿ ಮಲಗಿದ್ದಳು. ನಿದ್ದೆ ಅವರದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ವಿಶಾಲಾಕ್ಷಮ್ಮನಿಗೆ ಸ್ವಲ್ಪ ಬೇಸರವಾಯಿತು. ಚಂಪಾ ತನ್ನ ಅತ್ತೆ ತುಂಗಮ್ಮನನ್ನೂ ಬಿಡಲಿಲ್ಲ. ಎಂಬತ್ತರ ಆ ಮುದುಕಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ, "ಇಪ್ಪತ್ತು ವರ್ಷ ಹಿಂದೆ ತಂದಿದ್ರೆ ಚೊಂಬು ಪೂರ್ತಿ ಕುಡೀತಿದ್ದೆ. ಈಗ ನಿನ್ನ ಮಾತು ಕಿವಿಗೇ ಬೀಳಲ್ಲ, ಹೋಗು," ಎಂದರು. ಚಂಪಾ ಎಷ್ಟು ನಕ್ಕಳೆಂದರೆ ಐದು ನಿಮಿಷ ಪೂರ್ತಿ ಎಚ್ಚರವಾಗಿದ್ದಳು.

ಹದಿನೇಳು ಮನೆ ಮುಗಿಯಿತು. ಎಲ್ಲ ಕಡೆಯೂ ಇಲ್ಲ, ಇಲ್ಲ. ಹಿಟ್ಟಿನ ಗಿರಣಿಯ ಗೋಡೆಯ ನೆರಳಿನಲ್ಲಿ ನಿಂತೆವು. ಚಂಪಾ ಬೆರಳು ಮಡಚುತ್ತ ತಾನು ಯಾರಿಗೆ ಏನೆಂದೆ, ಏನು ಮಾಡಿದೆ ಎಂದು ಪಟ್ಟಿ ಮಾಡತೊಡಗಿದಳು. ಹಾಲಿನವನಿಗೆ ನೀರು ಜಾಸ್ತಿ ಎಂದದ್ದು. ಅಂಗನವಾಡಿಯ ಟೀಚರಿಗೆ ಸೀರೆ ಒಪ್ಪುವುದಿಲ್ಲ ಎಂದದ್ದು.

"ಇನ್ನೇನಿದೆಯೇ? ಅಂಪೈರ್ ತರಬೇತಿಗೆ ನಮ್ಮ ತಂಡದಿಂದ ಹೆಸರು ಕೇಳಿದ್ರಲ್ಲ, ನಂದೂ ನಸೀಮಾದೂ ಬರೆದು ಕಳಿಸ್ದೆ. ನಿನ್ನ ಕೇಳೋಕೆ ಹೋಗ್ಲಿಲ್ಲ. ಇಪ್ಪತ್ತು ದಿನ ಊರು ಬಿಟ್ಟು ನೀನೆಲ್ಲಿ ಬರ್ತೀಯ ಅಂತ..."

ಮಾತು ಮುಗಿಯಲಿಲ್ಲ. ಮಡಚಿದ ಬೆರಳು ಮಡಚಿದಂತೆಯೇ ಅವಳು ಗೋಡೆಗುಂಟ ಜಾರಿ ಕುಳಿತು ಮಲಗಿಬಿಟ್ಟಳು. ಅದೇ ಕ್ಷಣ ಚೊಂಬಿನ ಹಾಲು ತುಳುಕಿ ನನ್ನ ಸೆರಗಿನ ಮೇಲೆ ಚೆಲ್ಲಿತು.

ನಾನು ಅವಳ ಮುಖ ನೋಡಿದೆ. ಕೈಯಲ್ಲಿದ್ದ ಚೊಂಬು ನೋಡಿದೆ. ಹದಿನೇಳು ಮನೆಯ ಬಾಗಿಲು ಬಡಿದಿದ್ದೆವು. ಚೊಂಬು ಹಿಡಿದವಳನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೇ ಇಲ್ಲ. ಹಾಲು ಹಿಡಿದವಳು ಜೊತೆಯವಳು, ಅವಳೊಂದು ಮನೆಯಲ್ಲ.

ಒಂದು ತಿಂಗಳ ಹಿಂದೆ ಅಭ್ಯಾಸ ಮುಗಿಸಿ ಬರುವಾಗ ಚಂಪಾ ಇದೇ ಮಾತನ್ನು ಇಷ್ಟೇ ಸಲೀಸಾಗಿ ಹೇಳಿದ್ದಳು. ನಾನೂ ಸಲೀಸಾಗಿಯೇ, ಹೌದು ಮತ್ತೆ, ನಾನೆಲ್ಲಿ ಬರಲಿ, ಎಂದು ನಕ್ಕಿದ್ದೆ. ಮನೆಗೆ ಬಂದು ಹುಣಸೆಹಣ್ಣು ನೆನೆಹಾಕಿದ್ದೆ. ಲೆಕ್ಕ ಹಾಕಿದರೆ ನಿದ್ದೆ ಹೋದದ್ದು ಅಂದಿನಿಂದಲೇ. ಥ್ರೋಬಾಲಿನ ನಿಯಮಗಳ ಪುಸ್ತಕವನ್ನು ಇಡೀ ತಂಡದಲ್ಲಿ ಓದಿದವಳು ನಾನೊಬ್ಬಳೇ. ಚೆಂಡು ಮೂರು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ನಿಂತಿತೋ ಇಲ್ಲವೋ ಎಂದು ಜಗಳವಾದರೆ ಎಲ್ಲರೂ ತಿರುಗುವುದು ನನ್ನ ಕಡೆಗೆ. ಸೀಟಿ ಊದುವ ಆ ಕೆಲಸಕ್ಕೆ ಎರಡು ಹೆಸರು ಬೇಕಾದಾಗ ನನ್ನ ಹೆಸರು ಯಾರ ನಾಲಿಗೆಯ ಮೇಲೂ ಬರಲಿಲ್ಲ.

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಕೋಪಕ್ಕೆ ಕಾಲೂರಲು ಜಾಗ ಸಿಗಲಿಲ್ಲ. ಅವಳು ಕೇಳಿದ್ದರೆ ನಾನು ಬರುವುದಿಲ್ಲ ಎಂದೇ ಹೇಳುತ್ತಿದ್ದೆ. ಸಮುದ್ರದ ಊರಿನ ಪಂದ್ಯಕ್ಕೆ ಬರುವುದಿಲ್ಲ ಎಂದಿದ್ದೆ. ತಂಗಿಯ ಗೃಹಪ್ರವೇಶಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬಂದೆ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಾಗ, ಹೋಗಿ ಬಾ ಎಂದ ಶ್ರೀಕಂಠರ ಮೇಲೆಯೇ ಮುನಿಸಿಕೊಂಡಿದ್ದೆ, ನಾನಿಲ್ಲದೆ ಇವರಿಗೆ ಸಾಗುತ್ತದೆಯೇ ಎಂದು. ಮನೆಯಲ್ಲಿ ನನಗೆ ಬೇಡ ಎಂದವರು ಯಾರೂ ಇಲ್ಲ. ಅವರು ಬಾಯಿ ತೆರೆಯುವ ಮೊದಲೇ ನಾನು ಬೇಡ ಎಂದಿರುತ್ತಿದ್ದೆ, ಅಷ್ಟೆ. ಚಂಪಾ ಊಹಿಸಿದ್ದು ಸರಿಯಾಗಿಯೇ ಇತ್ತು. ಸರಿಯಾದ ಮಾತೇ ಹೀಗೆ ಚುಚ್ಚಿ ಕುಳಿತರೆ ಅದನ್ನು ಯಾರ ಮುಂದೆ ಇಟ್ಟು ನ್ಯಾಯ ಕೇಳುವುದು?

ಒಂದು ಗುಟುಕು ಕುಡಿದು ಹೇಳಿಬಿಟ್ಟರೆ ಅವಳ ನಿದ್ದೆ ಬಿಡುತ್ತಿತ್ತು, ಫೈನಲ್ ನಮ್ಮದಾಗುತ್ತಿತ್ತು. ಚೊಂಬನ್ನು ತುಟಿಯವರೆಗೂ ತಂದೆ. ಹಾಲಿನ ಕೆನೆ ತುಟಿಗೆ ತಾಗಿತು. ಹೇಳಲು ಹೊರಟರೆ ಏನು ಹೇಳುವುದು? ನನ್ನನ್ನು ಒಂದು ಮಾತು ಕೇಳಬೇಕಿತ್ತು, ಬರುವುದಿಲ್ಲ ಎನ್ನಲಿಕ್ಕಾದರೂ? ನಲವತ್ತೇಳು ವರ್ಷದ ಹೆಂಗಸು ಹಿಟ್ಟಿನ ಗಿರಣಿಯ ಮುಂದೆ ನಿಂತು ಆಡುವ ಮಾತೇ ಇದು? ಚೊಂಬು ಕೆಳಗಿಳಿಸಿ ಸೆರಗಿನಿಂದ ತುಟಿ ಒರೆಸಿಕೊಂಡೆ. ಚಂಪಾಳನ್ನು ಎಬ್ಬಿಸಿ, ಕೈಹಿಡಿದು ಮನೆಗೆ ಬಿಟ್ಟೆ. ನಿದ್ದೆ ಪರವೂರಿನವರದ್ದೇ ಇರಬೇಕು ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಇರಬಹುದು ಎಂದೆ ನಾನೂ.

ಆ ವರ್ಷ ನಾವು ಗೆದ್ದೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗಲೂ ಆ ಭಾನುವಾರವನ್ನು ನೆನೆದರೆ ಅಂಗೈ ಬೆವರುತ್ತದೆ, ನನಗೆ ತಡೆದು ಹೇಳಲು ಬರುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆ. ಹಳೆಯ ನೂಲಿನ ಗಿರಣಿಯ ಮೈದಾನದ ಸುತ್ತ ಜನವೋ ಜನ. ಮಹಡಿಗಳ ಮೇಲೆ ಒಗೆದ ಬಟ್ಟೆ ತೆಗೆದು ಮನುಷ್ಯರು ನಿಂತಿದ್ದರು. ಆಚೆ ದಡದವರು ನಾಲ್ಕು ಟ್ರ್ಯಾಕ್ಟರ್ ತುಂಬ ಬಂದು ಆಗಲೇ ತಮಟೆ ಶುರು ಮಾಡಿದ್ದರು. ಚಂಪಾಳ ನಿದ್ದೆಯ ಸುದ್ದಿ ಅವರಿಗೂ ಮುಟ್ಟಿತ್ತು. ಒಬ್ಬಳು ದಿಂಬನ್ನೇ ತಂದು ನಮ್ಮ ಕಡೆ ಎತ್ತಿ ಆಡಿಸಿದಳು. ನಮ್ಮವರು ತುಂಗಮ್ಮನನ್ನು ಕುರ್ಚಿಯ ಸಮೇತ ಮುಂದಿನ ಸಾಲಿಗೆ ತಂದಿಟ್ಟಿದ್ದರು. ಬೈಗುಳದಲ್ಲಿ ಅವರ ಎದುರು ನಿಲ್ಲುವವರು ಆಚೆ ದಡದಲ್ಲಿ ಇರಲಿಲ್ಲ.

ಅಂಪೈರ್ ಒಬ್ಬರು ಹೆಂಗಸು. ನನಗಿಂತ ಹಿರಿಯರು, ಐವತ್ತೈದರ ಮೇಲಿರಬೇಕು. ನರೆತ ಕೂದಲನ್ನು ಗಿಡ್ಡ ಕತ್ತರಿಸಿದ್ದರು, ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಯಾವುದೋ ದೂರದ ಪಟ್ಟಣದಿಂದ ಬೆಳಗಿನ ಬಸ್ಸಿಗೆ ಒಬ್ಬರೇ ಬಂದು ಇಳಿದಿದ್ದರು. ಅವರು ಕೈ ಎತ್ತಿದರೆ ಸಾವಿರ ಜನ ಉಸಿರು ಹಿಡಿಯುತ್ತಿದ್ದರು. ಆ ಕೈಯನ್ನೇ ನೋಡುತ್ತ ನಾನು ಎರಡು ಸರ್ವ್ ಹಾಳು ಮಾಡಿದೆ.

ಮೊದಲ ಸೆಟ್ ಹೋಯಿತು. ಚಂಪಾ ಹಿಂದಿನ ಸಾಲಿನ ನಡುವೆ ಕುದುರೆಯಂತೆ ನಿಂತೇ ಮಲಗುತ್ತಿದ್ದಳು. ಚೆಂಡು ಬರುವಾಗ ನಸೀಮಾ ಅವಳ ಸೊಂಟ ಚಿವುಟುವುದು, ಅವಳು ಬೆಚ್ಚಿ ಕೈಚಾಚುವುದು, ಎರಡರಲ್ಲೊಂದು ಹಿಡಿಯುವುದು. ಎರಡನೆಯ ಸೆಟ್ಟಿಗೆ ಒಣಮೆಣಸಿನಕಾಯಿ ಪುಡಿ ಕಟ್ಟಿದ ಕರವಸ್ತ್ರವನ್ನು ಮೂಗಿಗೆ ಹಿಡಿದೆವು. ಸೀನುತ್ತ ಸೀನುತ್ತ ಆಡಿದಳು ಪುಣ್ಯಾತ್ಗಿತ್ತಿ. ಹದಿನೈದಕ್ಕೆ ಹದಿನಾಲ್ಕು, ಸೆಟ್ ನಮ್ಮದು. ತುಂಗಮ್ಮ ಕುರ್ಚಿಯ ಮೇಲೆ ಎದ್ದು ನಿಲ್ಲಲು ಹೋಗಿ ಇಬ್ಬರು ಹಿಡಿದು ಕೂರಿಸಬೇಕಾಯಿತು.

ಬಿಡುವಿನಲ್ಲಿ ಅಂಪೈರ್ ನನ್ನ ಹತ್ತಿರ ಬಂದರು. ಒಂದು ಚೆಂಡಿನ ಬಗ್ಗೆ ನಾನು ಎತ್ತಿದ ತಕರಾರು ನಿಯಮದ ಪ್ರಕಾರ ಸರಿಯಾಗಿತ್ತು, ಅದನ್ನು ಅವರು ಗಮನಿಸಿದ್ದರು. ಪುಸ್ತಕ ಓದಿದ್ದೀರಾ ಎಂದು ಕೇಳಿದರು. ಓದಿದ್ದೇನೆ ಎಂದೆ.

"ನಿಮ್ಮೂರಿಂದ ಎರಡು ಹೆಸರು ಬಂದಿವೆ, ನಿಮ್ಮದು ಇಲ್ಲ. ಇನ್ನೂ ಜಾಗ ಇದೆ. ನಾನು ಮೂರು ಗಂಟೆ ಬಸ್ಸು ಹತ್ತೋದರೊಳಗೆ ಹೇಳಿದರೆ ಸೇರಿಸ್ಕೊಳ್ತೀನಿ. ಬರ್ತೀರಾ?"

"ಇಲ್ಲ ಮೇಡಂ, ನನಗೆ ಆಗೋದಿಲ್ಲ."

ಯೋಚನೆಗಿಂತ ಮೊದಲೇ ಬಾಯಿ ಹೇಳಿ ಮುಗಿಸಿತ್ತು. ಹೇಳಿದ ತಕ್ಷಣ ಬೆನ್ನ ಹಿಂದೆ ದೊಪ್ಪೆಂದು ಸದ್ದಾಯಿತು. ನೀರು ಕುಡಿಯುತ್ತಿದ್ದ ಚಂಪಾ ಲೋಟದ ಸಮೇತ ಬಿದ್ದು ಮಲಗಿದ್ದಳು. ಮೆಣಸಿನಪುಡಿಗೂ ಜಗ್ಗಲಿಲ್ಲ. ನಾಲ್ವರು ಹಿಡಿದೆತ್ತಿ ಅವಳನ್ನು ಗೆರೆಯೊಳಗೆ ನಿಲ್ಲಿಸಿದೆವು. ಆಚೆ ದಡದ ದಿಂಬು ಮತ್ತೆ ಮೇಲೆದ್ದಿತು.

ಮೂರನೆಯ ಸೆಟ್ಟನ್ನು ನಾವು ಆರು ಜನ ಆಡಿದೆವು ಎಂದೇ ಹೇಳಬೇಕು. ಮಂಡಿ ತರಚಿತು, ಒಬ್ಬಳ ಬಳೆ ಒಡೆದು ರಕ್ತ ಬಂತು. ನನ್ನ ಕಾಲುಗಳು ನನ್ನವಲ್ಲ ಅನ್ನಿಸುವಷ್ಟು ಭಾರವಾಗಿದ್ದವು, ಕಣ್ಣ ಮುಂದೆ ಆಗಾಗ ಚುಕ್ಕೆ ಚುಕ್ಕೆ. ಆದರೂ ಹನ್ನೆರಡಕ್ಕೆ ಹನ್ನೆರಡು. ಆಮೇಲೆ ಹದಿಮೂರಕ್ಕೆ ಹದಿಮೂರು. ಸರ್ವ್ ನನ್ನದು.

ಚೆಂಡು ಹಿಡಿದು ಹಿಂದಿನ ಗೆರೆಯಾಚೆ ನಿಂತೆ. ನನ್ನ ಮುಂದೆ ಮೂರು ಮಾರು ದೂರದಲ್ಲಿ ಚಂಪಾಳ ಬೆನ್ನು. ತಲೆ ಎದೆಗೆ ಬಿದ್ದು ಕತ್ತಿನ ಹಿಂದಿನ ಮೂಳೆ ಎದ್ದು ಕಾಣುತ್ತಿತ್ತು. ಅದರ ಮೇಲೆ ನನ್ನದೇ ನಿದ್ದೆ, ತಿಂಗಳ ನಿದ್ದೆ, ಮೂಟೆಯ ಹಾಗೆ ಕುಳಿತಿತ್ತು. ಇಪ್ಪತ್ತೆರಡು ವರ್ಷ ನಾನು ಬೇಡ ಎಂದದ್ದಕ್ಕೆಲ್ಲ ನನ್ನ ನಿದ್ದೆ ಕೆಟ್ಟಿರಲಿಲ್ಲ. ನನ್ನ ಪರವಾಗಿ ಬೇರೆಯವಳು ಬೇಡ ಎಂದಾಗಲೇ ಕೆಟ್ಟದ್ದು. ಹಾಗಾದರೆ ಒಳಗೆ ಯಾರೋ ಹೊರಡಲು ಸೆರಗು ಕಟ್ಟಿ ನಿಂತಿರಬೇಕಲ್ಲ? ತಮಟೆ ನಿಂತಿತು. ಅಂಪೈರ್ ನನ್ನ ಕಡೆ ತಿರುಗಿ ಸೀಟಿ ತುಟಿಗಿಟ್ಟರು. ಜನರ ನಡುವೆ ಶ್ರೀಕಂಠ ಕಂಡರು. ಭಾನುವಾರವೂ ಐದೂವರೆಗೆ ಎದ್ದ ಮನುಷ್ಯ, ಎರಡೂ ಕೈಯೆತ್ತಿ ಏನೋ ಕೂಗುತ್ತಿದ್ದರು. ಇಪ್ಪತ್ತು ದಿನ ತಾವೇ ಇಡ್ಲಿ ಬೇಯಿಸಿಕೊಳ್ಳಬಲ್ಲರು. ಹಿಟ್ಟು ಉಕ್ಕಿ ಒಲೆಗೆ ಇಳಿದರೆ ಒರೆಸಿಕೊಳ್ಳಬಲ್ಲರು.

ಹೋಗುತ್ತೇನೆ ಎಂದುಕೊಂಡೆ. ಮೂರು ಗಂಟೆಯ ಬಸ್ಸಿಗೆ ಮೊದಲು ಆ ಹೆಂಗಸಿನ ಮುಂದೆ ನಿಂತು ನನ್ನ ಹೆಸರನ್ನು ನಾನೇ ಹೇಳುತ್ತೇನೆ, ಇಂದುಮತಿ ಎಂದು. ಯಾರನ್ನೂ ಕೇಳುವುದಿಲ್ಲ. ಚಂಪಾಳಿಗೆ ನಿದ್ದೆ ಯಾರದಾಗಿತ್ತು ಎಂದೂ ಹೇಳುವುದಿಲ್ಲ. ತರಬೇತಿಗೆ ಹೋಗುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕುಳಿತಿರುತ್ತೇನೆ, ಅಷ್ಟೆ.

ಅಂಪೈರ್ ಸೀಟಿ ಊದಿದರು. ಮುಂದೆ ಬಿದ್ದಿದ್ದ ಚಂಪಾಳ ಕತ್ತು ನಿಧಾನ ಮೇಲೆದ್ದಿತು. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಇಲ್ಲಿಗೆ ಯಾವಾಗ ಬಂದೆ ಎನ್ನುವವಳಂತೆ ಎರಡೂ ಕೈ ಮುಂದೆ ಚಾಚಿ ಸಿದ್ಧಳಾಗಿ ನಿಂತಳು. ಅದೇ ಗಳಿಗೆಯಲ್ಲಿ ನನ್ನ ದವಡೆಯ ಮೂಲೆಯಿಂದ ಏನೋ ಎದ್ದು ಬಂತು, ತಡೆಯಲಾಗಲಿಲ್ಲ. ಸಾವಿರ ಜನರೆದುರು, ಬಗ್ಗದೆ, ಬಾಯಿಗೆ ಕೈ ಅಡ್ಡ ಹಿಡಿಯದೆ, ಕಣ್ಣಲ್ಲಿ ನೀರು ಬರುವಷ್ಟು ದೊಡ್ಡದಾಗಿ ಆಕಳಿಸಿದೆ. ಇವಳು ಯಾರನ್ನು ನೋಯಿಸಿದ್ದಾಳೆ ಎಂದು ಮುಂದಿನ ಸಾಲಿನಲ್ಲಿ ಯಾರೋ ಕೇಳಿದ್ದು ಕಿವಿಗೆ ಬಿತ್ತು. ಚೆಂಡನ್ನು ಭುಜದ ಮೇಲೆತ್ತಿ ಬಲೆಯಾಚೆಗೆ ಬೀಸಿದೆ.